ಶೇರ್ ಆಗಿದ್ದು ಒಂದು, ದುಡ್ಡು ಹಾಕಿದ್ದು ಇನ್ನೊಂದಕ್ಕೆ: ಆನ್‌ಲೈನ್ ಜಾಹೀರಾತಿನ ಪ್ರಶ್ನೋತ್ತರ

ಅಡ್ಮಿನ್: ಈ ವಾರ ಆನ್‌ಲೈನ್ ಜಾಹೀರಾತಿನ ಪ್ರಶ್ನೆಗಳು. ಉತ್ತರ ಕೊಡುವವರು ನಮ್ಮ ಗುಂಪಿನ ಹಳೆಯ ಸದಸ್ಯರು, ಬೆಂಗಳೂರಿನಲ್ಲಿ ಸಣ್ಣ ವ್ಯಾಪಾರಿಗಳ ಜಾಹೀರಾತು ನೋಡಿಕೊಳ್ಳುತ್ತಾರೆ. ಕೇಳುವವರು ಊರು, ವ್ಯಾಪಾರ ಹಾಕಿದರೆ ಸಾಕು. ಹೆಸರು, ಫೋನ್ ನಂಬರ್ ಬೇಡ.

ಪ್ರಶ್ನೆ (ಶಿರಸಿ, ಉಪ್ಪಿನಕಾಯಿ): ಸರ್, ನಮಸ್ತೆ. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಅತ್ತೆ, ನಾನು, ಇಬ್ಬರೇ. ಈ ಸಲ ಅತ್ತೆ ಮಿಡಿಯ ತೊಟ್ಟು ಮುರಿಯುವುದನ್ನು ಸುಮ್ನೆ ಮೊಬೈಲಿನಲ್ಲಿ ಹಿಡಿದು ಇನ್‌ಸ್ಟಾಗ್ರಾಂಗೆ ರೀಲ್ ಹಾಕಿದೆ. ಸೊನೆ ಚಿಮ್ಮುತ್ತದೆ, ಅತ್ತೆ ಮುಖ ಆಚೆ ತಿರುಗಿಸುತ್ತಾರೆ, ಅಷ್ಟೇ ವಿಡಿಯೊ. 41,000 ಜನರಿಗೆ ತಲುಪಿತು, 1,230 ಶೇರ್. ಆಮೇಲೆ ಡಿಸೈನರ್ ಹತ್ತಿರ ಚೆಂದದ ಪೋಸ್ಟರ್ ಮಾಡಿಸಿ, ಬೆಲೆ ಹಾಕಿ, 4,000 ರೂಪಾಯಿ ಜಾಹೀರಾತಿಗೆ ಹಾಕಿದೆ. 38,000 ಜನ ನೋಡಿದರು. ಲೈಕ್ 1,100, ಶೇರ್ 19, ಆರ್ಡರ್ ಏಳೇ ಏಳು. ಈ ಶೇರ್ ಲೆಕ್ಕದಿಂದ ಜಾಹೀರಾತಿಗೆ ಏನಾದರೂ ಉಪಯೋಗ ಇದೆಯಾ, ಇಲ್ಲ ನೋಡಿ ಖುಷಿಪಡುವುದಕ್ಕಷ್ಟೇನಾ?

ಉತ್ತರ: ಮೇಡಂ, ಲೈಕ್ ಸ್ವಲ್ಪ ಹೊತ್ತು ಮರೆತುಬಿಡಿ. ಸಾವಿರ ಜನ ನೋಡಿದರೆ ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು, ಆ ಲೆಕ್ಕ ಹಾಕಿ. ರೀಲ್‌ಗೆ ಸಾವಿರಕ್ಕೆ 30. ಪೋಸ್ಟರ್‌ಗೆ ಎರಡು ಸಾವಿರ ಜನ ನೋಡಿದರೆ ಒಬ್ಬರು. ಲೈಕ್ ಅಂದರೆ ಬೀದಿಯಲ್ಲಿ ಎದುರಾದವರಿಗೆ ತಲೆ ಆಡಿಸಿದ ಹಾಗೆ. ಕಳಿಸುವಾಗ ಹಾಗಲ್ಲ. ಇದನ್ನು ಅಕ್ಕನಿಗೆ ತೋರಿಸಬೇಕು, ಊರು ಬಿಟ್ಟ ಅಣ್ಣನಿಗೆ ತೋರಿಸಬೇಕು ಅಂತ ಒಂದು ಮುಖ ನೆನಪಿಗೆ ಬಂದಿರುತ್ತದೆ. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಜನವರಿಯಲ್ಲಿ ಇದನ್ನೇ ಹೇಳಿದ್ದರು. ನೋಡಿದ ಹೊತ್ತು, ಲೈಕ್, ಕಳಿಸಿದ ಸಂಖ್ಯೆ, ಈ ಮೂರು ಮುಖ್ಯ. ನಿಮ್ಮನ್ನು ಫಾಲೋ ಮಾಡದ ಹೊಸಬರನ್ನು ಮುಟ್ಟಬೇಕಾದರೆ ಕಳಿಸಿದ ಸಂಖ್ಯೆಗೆ ತೂಕ ಜಾಸ್ತಿ ಅಂತ.

ಆದರೆ ಇಷ್ಟಕ್ಕೇ ರೀಲ್ ಗೆದ್ದಿತು ಅನ್ನಬೇಡಿ. ನೀವು ಹೋಲಿಸಿದ್ದು ಸರಿಯಾದ ಜೋಡಿ ಅಲ್ಲ. ರೀಲ್ ಹೋಗಿದ್ದು ಪುಕ್ಕಟೆ, ಮೊದಲು ನೋಡಿದವರು ನಿಮ್ಮ ಪರಿಚಯದವರು, ಮಿಡಿ ಅಂದರೆ ಬಾಯಲ್ಲಿ ನೀರು ಬರುವವರು. ಪೋಸ್ಟರ್ ಹೋಗಿದ್ದು ನಿಮ್ಮ ಗುರುತೇ ಇಲ್ಲದವರಿಗೆ. ಎರಡನ್ನೂ ಜಾಹೀರಾತಾಗಿ, ಒಂದೇ ಊರಿನ ಜನರಿಗೆ, ಒಂದೇ ಮೊತ್ತ ಹಾಕಿ ಐದು ದಿನ ಓಡಿಸಿ. ಒಂದೇ ಆ್ಯಡ್ ಸೆಟ್‌ನಲ್ಲಿ, ಅಂದರೆ ಒಂದೇ ಮೊತ್ತ ಹಂಚಿಕೊಳ್ಳುವ ಜಾಹೀರಾತುಗಳ ಕಟ್ಟಿನಲ್ಲಿ, ಎರಡನ್ನೂ ತುರುಕಬೇಡಿ. ಹಾಗೆ ಮಾಡಿದರೆ ಮೆಟಾ (ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸುವ ಕಂಪನಿ) ಮೊದಲ ದಿನವೇ ಒಂದರ ಕಡೆ ವಾಲಿ ಬಹುಪಾಲು ದುಡ್ಡು ಅದಕ್ಕೇ ಕೊಟ್ಟುಬಿಡುತ್ತದೆ. ಜನರನ್ನು ಎರಡು ಪಾಲು ಮಾಡಿ ಒಂದೊಂದು ಪಾಲಿಗೆ ಒಂದೊಂದು ಜಾಹೀರಾತು ತೋರಿಸುವ ಎ/ಬಿ ಟೆಸ್ಟ್ ಅಂತ ಒಂದು ಸೌಲಭ್ಯ ಇದೆ, ಅದನ್ನು ಬಳಸಿ. ಜಾಹೀರಾತಿನ ಲೆಕ್ಕ ನೋಡುವ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಶೇರ್ ತಾನಾಗಿ ಕಾಣುವುದಿಲ್ಲ. ಕಾಲಂ ಬದಲಿಸುವ ಕಡೆ ಹೋಗಿ 'ಪೋಸ್ಟ್ ಶೇರ್ಸ್' ಸೇರಿಸಿಕೊಳ್ಳಬೇಕು.

ಇನ್ನೊಂದು ಮಾತು. ರೀಲ್ ಅನ್ನು ಹೊಸದಾಗಿ ಅಪ್‌ಲೋಡ್ ಮಾಡಬೇಡಿ. 'ಇರುವ ಪೋಸ್ಟ್ ಬಳಸಿ' ಅನ್ನುವ ಆಯ್ಕೆ ತೆಗೆದುಕೊಂಡರೆ ಬಂದಿರುವ ಶೇರ್, ಕಾಮೆಂಟ್ ಎಲ್ಲ ಅದರ ಮೇಲೆ ಹಾಗೇ ಉಳಿಯುತ್ತವೆ. ಹೊಸಬರಿಗೆ ಅದೇ ಧೈರ್ಯ.

ಶಿರಸಿ: ಸರ್, ಆ ರೀಲ್‌ಗೆ ಒಂದು ಸಿನಿಮಾ ಹಾಡು ಹಾಕಿದ್ದೇನೆ. ದುಡ್ಡು ಕೊಟ್ಟು ಅದನ್ನೇ ಜಾಹೀರಾತು ಮಾಡೋಣ ಅಂತ ಬೂಸ್ಟ್ ಬಟನ್ ಒತ್ತಿದರೆ ಆಗಲ್ಲ ಅನ್ನುತ್ತಿದೆ. ಅದಕ್ಕೇ ಪೋಸ್ಟರ್ ಮಾಡಿಸಿದ್ದು.

ಉತ್ತರ: ಹೋಯಿತು! ಇದು ವಾರಕ್ಕೆ ಒಬ್ಬರಾದರೂ ಹೇಳುವ ಕಥೆ. ಹಕ್ಕುಸ್ವಾಮ್ಯ ಇರುವ ಹಾಡಿದ್ದರೆ ಆ ರೀಲ್ ಜಾಹೀರಾತು ಆಗುವುದಿಲ್ಲ. ಹಾಗಾದರೆ ಹೊಸದಾಗಿ ಹಾಕುವುದೇ ದಾರಿ, ಹಳೆಯ 1,230 ಅಲ್ಲೇ ಉಳಿಯುತ್ತದೆ. ಬೇಜಾರಾಗಬೇಡಿ. ಈ ಸಲ ಹಾಡೇ ಬೇಡ. ತೊಟ್ಟು ಮುರಿಯುವ ಸದ್ದು, ಅತ್ತೆ ಬೈಯುವ ಮಾತು ಇದ್ದರೆ ಹಾಗೇ ಬಿಡಿ.

ಹೇಗೂ ಹೊಸದಾಗಿ ಹಾಕುತ್ತೀರಿ, ಒಂದು ಕೆಲಸ ಮಾಡಿ. ಯಾರು ಯಾರಿಗೆ ಕಳಿಸಿದರು ಅಂತ ಇನ್‌ಸ್ಟಾಗ್ರಾಂ ಯಾವತ್ತೂ ತೋರಿಸುವುದಿಲ್ಲ, ಎಣಿಕೆ ಮಾತ್ರ ಸಿಗುತ್ತದೆ. ವಾಟ್ಸಾಪ್‌ನಲ್ಲಿ ಅದೂ ಇಲ್ಲ. ಹಾಗಾಗಿ ಬಂದವರ ಬಾಯಿಂದಲೇ ಹೇಳಿಸಬೇಕು. ಜಾಹೀರಾತಿನ ಬಟನ್ ಒತ್ತಿದರೆ ವಾಟ್ಸಾಪ್‌ನಲ್ಲಿ ಮೊದಲೇ ಬರೆದ ಒಂದು ಮಾತು ಬರುವ ಹಾಗೆ ಮಾಡಬಹುದು. ಅಲ್ಲಿ 'ಮಿಡಿ ಬೇಕಿತ್ತು' ಅಂತ ಇಡಿ. ಪೋಸ್ಟರ್‌ನ ಬಟನ್‌ಗೆ 'ಬೆಲೆ ತಿಳಿಸಿ'. ವಿಡಿಯೊದ ಒಳಗೆ, ಕೊನೆಯ ಮೂರು ಸೆಕೆಂಡು, ನಿಮ್ಮ ವ್ಯಾಪಾರದ ನಂಬರ್ ಹಾಕಿ 'ಭರಣಿ ಎಂದು ಬರೆದು ಕಳಿಸಿ' ಅನ್ನಿ. ವಿಡಿಯೊ ಡೌನ್‌ಲೋಡ್ ಆಗಿ, ಮೂರು ಮನೆ ದಾಟಿ, ಫ್ಯಾಮಿಲಿ ಗ್ರೂಪಿಗೆ ಬಿದ್ದಾಗ ಬಟನ್ ಇರುವುದಿಲ್ಲ. ಆದರೆ 'ಭರಣಿ' ಇರುತ್ತದೆ. ಆ ಪದ ಬರೆದವರಲ್ಲಿ ಬಹುತೇಕರು ಯಾರೋ ಕಳಿಸಿದ ವಿಡಿಯೊ ನೋಡಿ ಬಂದವರು. ಅವರನ್ನು ಕರೆತಂದಿದ್ದಕ್ಕೆ ನೀವು ಮೆಟಾಗೆ ಒಂದು ಪೈಸೆಯೂ ಕೊಟ್ಟಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಮೂರು ಗೆರೆ ಎಳೆದು ಬರೆಯುತ್ತಾ ಹೋಗಿ. ಜೊತೆಗೆ ಪಾರ್ಸೆಲ್ ಹೋದ ಊರಿನ ಪಿನ್‌ಕೋಡ್.

ಪ್ರಶ್ನೆ (ಚಿಕ್ಕಮಗಳೂರು, ಹೋಂಸ್ಟೇ): ನಮ್ಮದು ಇದರ ಉಲ್ಟಾ ಸರ್. ನಾಯಿ ಅತಿಥಿಯ ಚಪ್ಪಲಿ ಕದಿಯುವ ರೀಲ್ 9,000 ಸಲ ಶೇರ್ ಆಯಿತು. ಶೇರ್ ಜಾಸ್ತಿ ಇದ್ದಿದ್ದಕ್ಕೇ 15,000 ಹಾಕಿ ಬೂಸ್ಟ್ ಮಾಡಿದೆ. ಬುಕಿಂಗ್ ಸೊನ್ನೆ.

ಉತ್ತರ: ನಗೋಕೆ ಕಳಿಸಿದ್ದು ಬೇರೆ, ಕೊಳ್ಳೋಕೆ ಕಳಿಸಿದ್ದು ಬೇರೆ ಸರ್. ಎಣಿಕೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ.

ನಾನೇ ಬಿದ್ದ ಹಳ್ಳ ಇದು. ಒಂದು ಬಟ್ಟೆ ಅಂಗಡಿಯ ಜಾಹೀರಾತಿನಲ್ಲಿ ನಾಲ್ಕು ಪೋಸ್ಟರ್ ಓಡಿಸುತ್ತಿದ್ದೆ. ಒಂದಕ್ಕೆ ಶೇರ್ ಕಿತ್ತುಕೊಂಡು ಹೋಗುತ್ತಿತ್ತು. ಖುಷಿಯಲ್ಲಿ ಉಳಿದ ಮೂರನ್ನು ನಿಲ್ಲಿಸಿ ದುಡ್ಡೆಲ್ಲ ಅದಕ್ಕೇ ತಿರುಗಿಸಿದೆ. ಎರಡು ದಿನ ಆದ ಮೇಲೆ ಅಂಗಡಿಯವರ ಫೋನ್: "ಪೋಸ್ಟರ್ ಓದಿದ್ರಾ ಸರ್?" 'ಮಕ್ಕಳ ಬಟ್ಟೆ ಅರ್ಧ ಬೆಲೆಗೆ' ಅಂತ ಇರಬೇಕಾದ ಕಡೆ 'ಮಕ್ಕಳು ಅರ್ಧ ಬೆಲೆಗೆ' ಅಂತಿತ್ತು. ಅವತ್ತಿನಿಂದ ಅಂಕಿ ನೋಡುವ ಮೊದಲು ಕಾಮೆಂಟ್ ಓದುತ್ತೇನೆ.

ನೀವೂ ಅದನ್ನೇ ಮಾಡಿ. ನಾಯಿ ರೀಲ್‌ನ ಕಾಮೆಂಟ್‌ನಲ್ಲಿ ನಗುವ ಮುಖಗಳೇ ತುಂಬಿದ್ದರೆ ಅದು ನಾಯಿಯ ಜಾಹೀರಾತು, ಹೋಂಸ್ಟೇ ಜಾಹೀರಾತಲ್ಲ. ಸ್ನೇಹಿತರ ಹೆಸರು ಹಾಕಿ 'ಹೋಗೋಣ್ವಾ?' ಅಂತ ಕೇಳಿರುವ ಪೋಸ್ಟ್ ಯಾವುದು ಹುಡುಕಿ. ಶೇರ್ ಕಡಿಮೆ ಇರಬಹುದು, ಆದರೆ ನಿಮ್ಮ ದುಡ್ಡು ಹೋಗಬೇಕಾದ್ದು ಅಲ್ಲಿಗೆ. ಪ್ರವಾಸದ ವಿಷಯದಲ್ಲಿ ಶೇರ್ ಜೊತೆ ಸೇವ್ ಕೂಡ ನೋಡಿ. ಹೋಗಬೇಕು ಅಂತ ಇರುವವರು ಎತ್ತಿಟ್ಟುಕೊಳ್ಳುತ್ತಾರೆ. ನಿಮ್ಮ ಪೋಸ್ಟ್ ಸೇವ್ ಮಾಡಿದವರನ್ನೇ ಒಂದು ಕಸ್ಟಮ್ ಆಡಿಯನ್ಸ್ (ಜಾಹೀರಾತು ತೋರಿಸಲು ನೀವೇ ಆರಿಸಿದ ಗುಂಪು) ಮಾಡಿ ಅವರಿಗೆ ಮಾತ್ರ ಕೋಣೆ, ಬೆಲೆ, ದಾರಿ ತೋರಿಸುವ ಜಾಹೀರಾತು ಕೊಡಬಹುದು. ನಾಯಿ ರೀಲ್ ಪೂರ್ತಿ ದಂಡ ಅಲ್ಲ. ಅದನ್ನು ಮುಕ್ಕಾಲು ಭಾಗದವರೆಗೆ ನೋಡಿದವರನ್ನೂ ಹಾಗೇ ಹಿಡಿಯಬಹುದು. ಅದರಲ್ಲಿ ಬೆಂಗಳೂರಿನವರನ್ನು ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ (ಇಳಕಲ್, ಸೀರೆ): ನಮಸ್ಕಾರ್ರೀ ಸರ್. ನಮ್ಮದು ಸ್ವಂತ ವೆಬ್‌ಸೈಟ್ ಐತಿ. ಸೈಟಿಗೆ ಯಾರು ಎಲ್ಲಿಂದ ಬಂದ್ರು ಅಂತ ಲೆಕ್ಕ ತೋರಿಸೋ ಗೂಗಲ್ ಅನಲಿಟಿಕ್ಸ್‌ನಲ್ಲಿ ಅರ್ಧಕ್ಕರ್ಧ ಜನ 'ಡೈರೆಕ್ಟ್' ಅಂತ ಬರ್ತಾರ್ರೀ. ನಮ್ಮ ಸೈಟಿನ ಹೆಸರು ಇಷ್ಟು ಮಂದಿಗೆ ಬಾಯಿಪಾಠ ಇರಲಿಕ್ಕೆ ಸಾಧ್ಯ ಇಲ್ಲ. ಯಾರ್ರೀ ಇವರು?

ಉತ್ತರ: ಒಳ್ಳೆಯ ಅನುಮಾನ ಸರ್! ಅವರು ಯಾವ ಪುಟಕ್ಕೆ ನೇರವಾಗಿ ಬಂದಿದ್ದಾರೆ ನೋಡಿ. ಮುಖಪುಟಕ್ಕೆ ಬಂದಿದ್ದರೆ ಹೆಸರು ಟೈಪ್ ಮಾಡಿರಬಹುದು. ಟೋಪ ತೆನಿ ಸೆರಗಿನ ಒಂದೇ ಒಂದು ಸೀರೆಯ ಪುಟಕ್ಕೆ, ಅರವತ್ತು ಅಕ್ಷರದ ವಿಳಾಸಕ್ಕೆ, ನೇರವಾಗಿ ಬಂದಿದ್ದಾರೆ ಅಂದರೆ ಅದನ್ನು ಯಾರೂ ಟೈಪ್ ಮಾಡಿಲ್ಲ. ಯಾರೋ ಲಿಂಕ್ ಕಳಿಸಿದ್ದಾರೆ. ಬಹುತೇಕ ವಾಟ್ಸಾಪ್‌ನಲ್ಲಿ. 2012ರಲ್ಲಿ ಅಲೆಕ್ಸಿಸ್ ಮ್ಯಾಡ್ರಿಗಲ್ ಅನ್ನುವ ಅಮೆರಿಕದ ಪತ್ರಕರ್ತ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ಇದೇ ತರ್ಕ ಹಿಡಿದು ಬರೆದರು, ಇದಕ್ಕೆ 'ಡಾರ್ಕ್ ಸೋಷಿಯಲ್' ಅಂತ ಹೆಸರಿಟ್ಟರು. ಹೆಸರು ಕೇಳಿದರೆ ಏನೋ ಕಳ್ಳ ವ್ಯವಹಾರ ಅನ್ನಿಸುತ್ತದೆ. ಅತ್ತಿಗೆ ನಾದಿನಿಗೆ ಸೀರೆ ತೋರಿಸಿದ್ದು, ಅಷ್ಟೇ.

ಹೀಗೆ ನೇರವಾಗಿ ಜನ ಬಂದ ಸೀರೆಗಳ ಪಟ್ಟಿ ತೆಗೆಯಿರಿ. ನೀವು ಜಾಹೀರಾತು ಕೊಡುತ್ತಿರುವ ಸೀರೆಗಳ ಪಟ್ಟಿ ಪಕ್ಕದಲ್ಲಿಡಿ. ಎರಡೂ ಒಂದೇ ಇರುವುದು ನಾನು ಕಂಡಿದ್ದು ಕಡಿಮೆ. ಜನ ತಾವಾಗಿಯೇ ಕಳಿಸುತ್ತಿರುವ ಸೀರೆಯನ್ನು ಮುಂದಿನ ಜಾಹೀರಾತಿಗೆ ಹಾಕಿ.

ಇನ್ನು ಮುಂದೆ ಸರಿಯಾಗಿ ಗೊತ್ತಾಗಬೇಕಾದರೆ ಪ್ರತಿ ಸೀರೆಯ ಕೆಳಗೆ ವಾಟ್ಸಾಪ್ ಶೇರ್ ಬಟನ್ ಇಡಿಸಿ, ಆ ಲಿಂಕ್‌ಗೆ ಯುಟಿಎಂ ಬಾಲ ಹಚ್ಚಿಸಿ, ಅಂದರೆ ಎಲ್ಲಿಂದ ಬಂದರು ಅಂತ ಹೇಳುವ ಗುರುತನ್ನು ವಿಳಾಸದ ಕೊನೆಗೆ ಸೇರಿಸಿ. ಯುಟಿಎಂನ ಮೊದಲ ಅಕ್ಷರ 'ಅರ್ಚಿನ್' ಅನ್ನುವ ಕಂಪನಿಯದ್ದು. 2005ರಲ್ಲಿ ಗೂಗಲ್ ಅದನ್ನು ಕೊಂಡು ಅನಲಿಟಿಕ್ಸ್ ಮಾಡಿತು, ಬಾಲ ಮಾತ್ರ ಹಾಗೇ ಉಳಿದಿದೆ. ಬಾಲದಲ್ಲಿ ಎಲ್ಲ ಕಡೆ ಇಂಗ್ಲಿಷಿನ ಸಣ್ಣ ಅಕ್ಷರವೇ ಇರಲಿ. ಒಂದು ಕಡೆ ದೊಡ್ಡದು, ಒಂದು ಕಡೆ ಸಣ್ಣದು ಹಾಕಿದರೆ ಒಂದೇ ವಾಟ್ಸಾಪ್ ಎರಡು ಸಾಲಾಗಿ ಕಾಣುತ್ತದೆ.

ಇಲ್ಲೊಂದು ಮೋಸ ಇದೆ, ಗಮನಿಸಿ. ನಿಮ್ಮ ಜಾಹೀರಾತು ಒತ್ತಿ ಬಂದವರು ಆ ವಿಳಾಸವನ್ನು ಕಾಪಿ ಮಾಡಿ ತಂಗಿಗೆ ಕಳಿಸಿದರೆ ಜಾಹೀರಾತಿನ ಬಾಲವೂ ಜೊತೆಗೆ ಹೋಗುತ್ತದೆ. ತಂಗಿ ಬಂದಿದ್ದೂ ಜಾಹೀರಾತಿನ ಲೆಕ್ಕಕ್ಕೆ ಸೇರುತ್ತದೆ. ಜಾಹೀರಾತು ನಿಲ್ಲಿಸಿ ವಾರವಾದರೂ ಅದರ ಹೆಸರಿನಲ್ಲಿ ಜನ ಬರುತ್ತಿದ್ದರೆ ಬೆಚ್ಚಿ ಬೀಳಬೇಡಿ. ಹೆಚ್ಚಾಗಿ ಕೈಯಿಂದ ಕೈಗೆ ಹೋದ ಲಿಂಕ್ ಅದು.

ಪ್ರಶ್ನೆ (ತುಮಕೂರು, ಬೇಕರಿ): 'ಐದು ಜನಕ್ಕೆ ಶೇರ್ ಮಾಡಿ, ಕೇಕ್ ಗೆಲ್ಲಿ' ಅಂತ ಮಾಡಿದರೆ ಶೇರ್ ಜಾಸ್ತಿ ಆಗಲ್ವಾ ಅಣ್ಣಾ?

ಉತ್ತರ: ಆಗುತ್ತದೆ, ಒಂದು ವಾರ. ಹೀಗೆ ಶೇರ್ ಬೇಡುವ ಪೋಸ್ಟ್‌ಗಳನ್ನು ಕೆಳಗೆ ತಳ್ಳುತ್ತೇವೆ ಅಂತ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಕೇಕ್ ಆಸೆಗೆ ಕಳಿಸಿದವರು ನಿಮ್ಮ ಲೆಕ್ಕದೊಳಗೆ ಸೇರಿಕೊಳ್ಳುತ್ತಾರೆ. ಆಮೇಲೆ ನಿಮ್ಮ ಹನಿ ಕೇಕ್ ಇಷ್ಟಪಟ್ಟು ಕಳಿಸಿದವರು ಯಾರು, ಪುಕ್ಕಟೆ ಕೇಕ್ ಆಸೆಗೆ ಕಳಿಸಿದವರು ಯಾರು, ಬೇರೆ ಮಾಡಲು ಆಗುವುದಿಲ್ಲ. ರಾಗಿಗೆ ಮರಳು ಬೆರೆಸಿದ ಹಾಗೆ.

ಪ್ರಶ್ನೆ (ಬೆಂಗಳೂರು, ಟ್ಯೂಷನ್): ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್‌ಗಳಲ್ಲಿ ನಮ್ಮ ಪೋಸ್ಟ್ ಫಾರ್ವರ್ಡ್ ಆಗುತ್ತಿದೆ. ಅವರಿಗೆ ಜಾಹೀರಾತು ತೋರಿಸಲು ಆ ಗ್ರೂಪ್‌ನವರ ನಂಬರ್‌ಗಳನ್ನು ತೆಗೆದು ಮೆಟಾಗೆ ಅಪ್‌ಲೋಡ್ ಮಾಡಬಹುದಾ?

ಉತ್ತರ: ಬೇಡ. ಅವರು ಆ ನಂಬರ್ ಕೊಟ್ಟಿದ್ದು ಅಪಾರ್ಟ್‌ಮೆಂಟ್‌ಗೆ, ನಿಮಗಲ್ಲ. ಮೆಟಾ ನಿಯಮವೂ ಒಪ್ಪುವುದಿಲ್ಲ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಮುಖ್ಯ ಮಾತೇ ಒಪ್ಪಿಗೆ. ನಿಮಗೆ ತಾವಾಗಿ ಮೆಸೇಜ್ ಮಾಡಿದವರನ್ನು 'ಆಫರ್ ಕಳಿಸಬಹುದಾ?' ಅಂತ ಕೇಳಿ, ಹೂಂ ಅಂದವರ ಪಟ್ಟಿ ಮಾಡಿ. ಅಂಥ ಪಟ್ಟಿಯಿಂದ ಲುಕ್‌ಅಲೈಕ್ ಆಡಿಯನ್ಸ್ (ಪಟ್ಟಿಯವರನ್ನು ಹೋಲುವ ಹೊಸ ಜನರ ಗುಂಪು) ಮಾಡಲು ಒಂದೇ ದೇಶದ ಕನಿಷ್ಠ 100 ಜನ ಇದ್ದರೆ ಸಾಕು.

ಶಿರಸಿ (ಎರಡು ವಾರದ ನಂತರ): ಸರ್, ಲೆಕ್ಕ ತಂದಿದ್ದೇನೆ. ಎರಡಕ್ಕೂ 2,000 ರೂಪಾಯಿ, ಬೆಂಗಳೂರಿಗೆ ಮಾತ್ರ, ಐದು ದಿನ. 'ಬೆಲೆ ತಿಳಿಸಿ' 19 ಮೆಸೇಜ್, ಆರ್ಡರ್ 4. 'ಮಿಡಿ ಬೇಕಿತ್ತು' 46 ಮೆಸೇಜ್, ಆರ್ಡರ್ 17. 'ಭರಣಿ' 28 ಮೆಸೇಜ್, ಆರ್ಡರ್ 15! ಅರ್ಧ ಜನ 'ಬರಣಿ' ಅಂತ ಬರೆದಿದ್ದಾರೆ. ಒಬ್ಬರು "ಮೈಸೂರಿನ ಅತ್ತಿಗೆ ಕಳಿಸಿದ್ರು, ಭರಣಿ ಅಂತ ಬರೀಬೇಕಂತೆ, ಬರೆದಿದ್ದೀನಿ" ಅಂದರು. ಆ 15ರಲ್ಲಿ 8 ಪಾರ್ಸೆಲ್ ಹುಬ್ಬಳ್ಳಿ-ಧಾರವಾಡಕ್ಕೆ ಹೋಗಿವೆ. ಅಲ್ಲಿಗೆ ನಾನು ಜಾಹೀರಾತೇ ಕೊಟ್ಟಿಲ್ಲ.

ಉತ್ತರ: ಬೆಂಗಳೂರಿಗೆ ದುಡ್ಡು ಕೊಟ್ಟಿರಿ, ಹುಬ್ಬಳ್ಳಿ ಪುಕ್ಕಟೆ ಬಂತು. ಪೋಸ್ಟರ್ ನಿಲ್ಲಿಸಿ. ಹುಬ್ಬಳ್ಳಿ-ಧಾರವಾಡಕ್ಕೆ ಬೇರೆ ಆ್ಯಡ್ ಸೆಟ್ ಮಾಡಿ, ದಿನಕ್ಕೆ 200 ರೂಪಾಯಿ, ಅದೇ ರೀಲ್. ಎಂಟು ಪಾರ್ಸೆಲ್ ಅಂದರೆ ಸಣ್ಣ ಸಂಖ್ಯೆ. ಒಂದೇ ಮನೆತನದವರೂ ಆಗಿರಬಹುದು, ಹಾಗಾಗಿ ಒಂದು ವಾರ ನೋಡಿಯೇ ಏರಿಸಿ. ಅದಕ್ಕೂ ಮೊದಲು ಭರಣಿಯಲ್ಲಿ ಎಷ್ಟು ಉಳಿದಿದೆ ಅಂತ ಅತ್ತೆಯನ್ನು ಕೇಳಿ. ಮಾಲು ಮುಗಿದ ಮೇಲೂ ಜಾಹೀರಾತು ಓಡುತ್ತಿದ್ದರೆ ಬೈಗುಳವೂ ಶೇರ್ ಆಗುತ್ತದೆ.

ಶಿರಸಿ: ಕೇಳಿದೆ ಸರ್. 40 ಕೆಜಿ ಇದೆಯಂತೆ. ಅದರಲ್ಲಿ ಐದು ಕೆಜಿ ಮನೆಗೆ, ಅದನ್ನು ಮುಟ್ಟಿದರೆ ನನ್ನ ಮೇಲೇ ರೀಲ್ ಮಾಡುತ್ತಾರಂತೆ.