ಸ್ಪ್ಯಾನಿಷ್ ಕಲಿಯಲು ಒಂದು ತಿಂಗಳು ಸ್ಪೇನಿಗೆ ಹೋಗಬಹುದಾ?

ಬದಿಯಡ್ಕದವಳು:
ಎಲ್ಲರಿಗೂ ನಮಸ್ಕಾರ. ನಾನು ಎಂ.ಕಾಂ. ಮುಗಿಸಿ ಮನೆಯಿಂದಲೇ ಒಂದು ಕಂಪೆನಿಯ ಲೆಕ್ಕಪತ್ರ ನೋಡಿಕೊಳ್ತಾ ಇದ್ದೇನೆ. ಗಿರಾಕಿಗಳು ಹೆಚ್ಚಿನವರು ಮೆಕ್ಸಿಕೋದವರು. ಆನ್‌ಲೈನಿನಲ್ಲಿ ಸ್ಪ್ಯಾನಿಷಿನ ಮೊದಲ ಹಂತ ಎ1 ಆಗಿದೆ, ಎರಡನೆಯದಾದ ಎ2 ಅರ್ಧದಲ್ಲಿದೆ. ಮೇಲ್, ಇನ್‌ವಾಯ್ಸ್ ಓದಿದರೆ ಗೊತ್ತಾಗ್ತದೆ. ಫೋನಿನಲ್ಲಿ ಮಾತಾಡಿದರೆ ಮಾತ್ರ ಬಾಯಿ ಕಟ್ಟಿ ಹೋಗ್ತದೆ. ಕೂಡಿಟ್ಟ ಹಣ ಸ್ವಲ್ಪ ಉಂಟು. ಸ್ಪೇನಿನಲ್ಲಿ ಒಂದು ತಿಂಗಳು ಅಲ್ಲಿಯವರ ಮನೆಯಲ್ಲೇ ಇದ್ದು ಕಲಿಯುವ ಇಮ್ಮರ್ಶನ್ ಕೋರ್ಸ್ ನೋಡಿಟ್ಟಿದ್ದೇನೆ. "ಅಷ್ಟು ದುಡ್ಡು ಹಾಕಿ ಹೋಗುವಂಥದ್ದು ಎಂತ ಉಂಟು ಅಲ್ಲಿ?" ಅಂತ ಅಪ್ಪ ಕೇಳ್ತಾರೆ. ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ. ನಾನು ಸಸ್ಯಾಹಾರಿ, ಅದೂ ಒಂದು ಚಿಂತೆ.

ಕುಂಬಳೆಯಿಂದ:
ತಂಗಿ, ನಾವು ಸಪ್ತಭಾಷಾ ಸಂಗಮದ ಊರಿನವರು. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಆಫೀಸಿನಲ್ಲಿ ಮಲಯಾಳ. ಯಾವುದನ್ನೂ ಕ್ಲಾಸಿಗೆ ಹೋಗಿ ಕಲಿತದ್ದಲ್ಲ. ಧೈರ್ಯವಾಗಿ ಹೋಗಿ, ಒಂದು ತಿಂಗಳಲ್ಲಿ ತನ್ನಿಂತಾನೇ ಬರ್ತದೆ.

ಪೆರ್ಲದ ಅಕ್ಕ:
ತಂಗಿ, ನಾನು ಸ್ಪೇನಿನ ಸಾಲಮಾಂಕಾದಲ್ಲಿ ಒಬ್ಬರ ಮನೆಯಲ್ಲಿದ್ದು ಕಲಿತವಳು. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇರುವ ಊರು ಅದು, ಸ್ಪ್ಯಾನಿಷ್ ಕಲಿಯಲೆಂದೇ ಬರುವವರು ತುಂಬ ಜನ.

ಕುಂಬಳೆಯವರ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ನಮಗೆ ತುಳು, ಮಲಯಾಳ ಒಂದು ತಿಂಗಳಲ್ಲಿ ಬಂದದ್ದಲ್ಲ. ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತು ಕೇಳ್ತಾ ವರ್ಷಗಟ್ಟಲೆ ಬೆಳೆದೆವು. ಆಸ್ಪತ್ರೆಯಲ್ಲಿ, ತಾಲೂಕು ಆಫೀಸಿನಲ್ಲಿ ಮಲಯಾಳ ಆಡದೆ ಗತಿ ಇರಲಿಲ್ಲ. ಅಷ್ಟು ವರ್ಷದ್ದನ್ನು ಒಂದು ತಿಂಗಳಲ್ಲಿ ಮುಗಿಸಿ ಕೊಡುವ ಕೋರ್ಸ್ ಎಲ್ಲೂ ಇಲ್ಲ. ಆ ತಿಂಗಳಿಂದ ಆಗುವುದು ಒಂದೇ, ಆದರೆ ಅದು ದೊಡ್ಡದು: ಮೊದಲೇ ಒಳಗೆ ಕೂತ ಭಾಷೆ ಬಾಯಿಗೆ ಬರ್ತದೆ. ಒಳಗೇ ಇಲ್ಲದಿದ್ದರೆ ಬರುವುದು ಎಲ್ಲಿಂದ? ಹಾಗಾಗಿ ಎ2 ಪೂರ್ತಿ ಮುಗಿಸಿಯೇ ಹೊರಡಿ.

ನನಗೆ ಕ್ಲಾಸಿಗಿಂತ ಹೆಚ್ಚು ಕಲಿಸಿದ್ದು ರಾತ್ರಿಯ ಊಟದ ಮೇಜು. ಅಲ್ಲಿ ಊಟಕ್ಕೆ ಕೂರುವಾಗಲೇ ಒಂಬತ್ತೂವರೆ, ಉಂಡ ಮೇಲೂ ಯಾರೂ ಏಳುವುದಿಲ್ಲ. ಮನೆಯ ಅಮ್ಮ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿಕೊಳ್ತಾ ದಿನಾ ಕೇಳುವರು, "ಇವತ್ತು ಎಂತ ಮಾಡಿದೆ?" ಸ್ಪ್ಯಾನಿಷಿನಲ್ಲಿ ಆಗಿ ಮುಗಿದದ್ದಕ್ಕೆ ಒಂದು ಭೂತಕಾಲ, ಆಗ್ತಾ ಇದ್ದದ್ದಕ್ಕೆ ಇನ್ನೊಂದು. ಮಳೆ ಬರ್ತಾ ಇತ್ತು, ನಾನು ಅಂಗಡಿಯೊಳಗೆ ಹೋದೆ ಅನ್ನಲು ಎರಡೂ ಬೇಕು. ನಾನು "ಯೋವಿಯೋ" (ಮಳೆ ಬಂತು) ಅಂದರೆ ಅವರು ತಡೆದು ಪಾಠ ಮಾಡ್ತಿರಲಿಲ್ಲ. "ಓ, ಯೋವಿಯಾ (ಮಳೆ ಬರ್ತಾ ಇತ್ತು)... ಮತ್ತೆ?" ಅಂತ ಸರಿಯಾದದ್ದನ್ನು ತಾವೇ ಹೇಳಿ, ಕತೆ ಮುಂದೆ ಹೋಗಲು ಬಿಡ್ತಿದ್ದರು. ಪುಸ್ತಕದಲ್ಲಿ ಎಷ್ಟು ಓದಿದರೂ ನಿಲ್ಲದ್ದು ಆ ಮೇಜಿನಲ್ಲಿ ನಿಂತಿತು.

ಇದಕ್ಕೇ ಹೇಳುವುದು, ಹಣ ಕಡಿಮೆ ಅಂತ ವಿದ್ಯಾರ್ಥಿಗಳ ಹಾಸ್ಟೆಲ್ ಹಿಡಿಯಬೇಡಿ. ನಾಲ್ಕು ದೇಶದವರು ಸೇರಿದರೆ ಮಾತು ಇಂಗ್ಲಿಷಿಗೆ ಇಳಿಯುತ್ತದೆ. ಅಮೆರಿಕದ ಮಿಡಲ್‌ಬರಿ ಕಾಲೇಜಿನ ಬೇಸಿಗೆ ಭಾಷಾ ಶಾಲೆಗಳಲ್ಲಿ ಕಲಿಯುವ ಭಾಷೆ ಬಿಟ್ಟು ಬೇರೆ ಆಡುವುದಿಲ್ಲ ಎಂದು ಸಹಿಯೇ ಹಾಕಿಸಿಕೊಳ್ತಾರೆ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಗಿರಾಕಿಗಳು ಮೆಕ್ಸಿಕೋದವರು. ಸ್ಪೇನಿನಲ್ಲಿ ಆಪ್ತರ ಗುಂಪಿಗೆ 'ವೊಸೋತ್ರೋಸ್' ಅಂತಾರೆ, ಅದಕ್ಕೆ ಕ್ರಿಯಾಪದದ ರೂಪವೇ ಬೇರೆ. ಮೆಕ್ಸಿಕೋದಲ್ಲಿ ಎಲ್ಲರಿಗೂ 'ಉಸ್ತೆದೆಸ್'. ಉಚ್ಚಾರವೂ ಬೇರೆ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಮೆಕ್ಸಿಕೋದ ಟೀಚರೊಬ್ಬರನ್ನು ಆನ್‌ಲೈನಿನಲ್ಲಿ ಹಿಡಿಯುತ್ತಿದ್ದೆ. ನಮ್ಮ ಸಂಜೆ ಏಳು ಅಂದರೆ ಮೆಕ್ಸಿಕೋ ಸಿಟಿಯಲ್ಲಿ ಬೆಳಿಗ್ಗೆ ಏಳೂವರೆ, ಇಬ್ಬರಿಗೂ ಅನುಕೂಲ. ವಿಡಿಯೋ ಆಫ್ ಮಾಡಿ ಮಾತಾಡಿ. ತುಟಿ, ಕೈ ಕಾಣದೆ ಬರೀ ಸ್ವರ ಕೇಳಿ ಉತ್ತರ ಕೊಡುವ ಅಭ್ಯಾಸವೇ ನಿಮಗೆ ಫೋನಿಗೆ ಬೇಕಾದದ್ದು. ಆಮೇಲೆ ಹೋಗುವುದಾದರೆ ಗ್ವಾಟೆಮಾಲಾದ ಆಂಟಿಗುವಾವನ್ನೂ ನೋಡಿ. ಅಲ್ಲಿನ ಶಾಲೆಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಟೀಚರ್, ದಿನಕ್ಕೆ ನಾಲ್ಕು ಗಂಟೆ ಸಾಮಾನ್ಯ. ಹತ್ತು ಜನರ ಕ್ಲಾಸಿನಲ್ಲಿ ಬಾಯಿ ತೆರೆಯಲು ನಿಮಗೆ ಸಿಗುವ ಹೊತ್ತು ಎಷ್ಟು, ಲೆಕ್ಕ ಹಾಕಿ.

ಮಂಜೇಶ್ವರದ ಮೇಷ್ಟ್ರು:
ಪೆರ್ಲದವರು ಹೇಳಿದ್ದು ಸರಿ. 1965ರಲ್ಲಿ ಕೆನಡಾದ ಮಾಂಟ್ರಿಯಲ್ ಹತ್ತಿರದ ಸೇಂಟ್ ಲ್ಯಾಂಬರ್ಟಿನಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಪಾಠವನ್ನೆಲ್ಲ ಫ್ರೆಂಚಿನಲ್ಲೇ ಮಾಡಲು ಶುರು ಮಾಡಿದರು. ಇಂಥ ಶಾಲೆಗಳ ಮಕ್ಕಳಿಗೆ ಕೇಳಿದ್ದು ಚೆನ್ನಾಗಿ ಅರ್ಥವಾಗ್ತಿತ್ತು, ಆಡುವಾಗ ಬರೆಯುವಾಗ ವ್ಯಾಕರಣ ತಪ್ಪುತ್ತಿತ್ತು. ಅದನ್ನು ನೋಡಿಯೇ ಭಾಷಾ ಕಲಿಕೆಯ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ, ಕೇಳಿದರೆ ಸಾಲದು, ತಾವಾಗಿ ಆಡುವ ಒತ್ತಾಯವೂ ಬೇಕು ಎಂದು ವಾದಿಸಿದ್ದು. ಎಲ್ಲಿಗೆ ಹೋದರೂ ದಿನಾ ಒಂದು ಪುಟ ಬರೆದು ತಿದ್ದಿಸಿಕೊಳ್ಳಿ ಮಗಳೇ.

ಬದಿಯಡ್ಕದವಳು:
ತುಂಬ ಉಪಕಾರ ಆಯ್ತು. ಅಕ್ಕ, ಊಟದ್ದು ಹೇಗೆ? ಅಪ್ಪನಿಗೆ ತೋರಿಸಲು ಸರ್ಟಿಫಿಕೇಟ್ ಎಂತಾದರೂ?

ಪೆರ್ಲದ ಅಕ್ಕ:
ಬರೀ "ಮಾಂಸ ಬೇಡ" ಅಂದರೆ ಸ್ಪೇನಿನಲ್ಲಿ ಸಲಾಡಿಗೆ ಟ್ಯೂನಾ ಮೀನು ಬಂದೀತು. ಹ್ಯಾಮ್, ಮೀನು, ಕೋಳಿ ಅಂತ ಒಂದೊಂದನ್ನೂ ಹೆಸರು ಹಿಡಿದು ಬೇಡ ಅನ್ನಿ, ಶಾಲೆಗೆ ಮೊದಲೇ ಮೇಲ್ ಮಾಡಿ. ಅಲ್ಲಿನ ಬಟಾಟೆ ತೋರ್ತಿಯಾದಲ್ಲಿ ಮೊಟ್ಟೆ ಉಂಟು. ಗ್ವಾಟೆಮಾಲಾದಲ್ಲಿ ಕಪ್ಪು ಬೀನ್ಸ್, ಮೆಕ್ಕೆಜೋಳದ ರೊಟ್ಟಿ, ಹುರಿದ ಬಾಳೆಹಣ್ಣು ಸಿಗ್ತದೆ. ಬೀನ್ಸಿಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಕೇಳಿ.

ಪರೀಕ್ಷೆಗೆ ದೆಹಲಿಯಲ್ಲಿ ಸ್ಪೇನ್ ಸರಕಾರದ ಭಾಷಾ ಸಂಸ್ಥೆ ಇನ್ಸ್ಟಿಟ್ಯೂಟೋ ಸೆರ್ವಾಂತೆಸ್ ಉಂಟು. ಸ್ಪ್ಯಾನಿಷ್ ಪರೀಕ್ಷೆ ಎರಡು, ಡೆಲೆ (DELE) ಮತ್ತು ಸಿಯೆಲೆ (SIELE). ಡೆಲೆ ಸರ್ಟಿಫಿಕೇಟ್ ಅವಧಿ ಮುಗಿಯುವಂಥದ್ದಲ್ಲ, ಸಿಯೆಲೆಯದ್ದು 5 ವರ್ಷ ಮಾತ್ರ ನಡೀತದೆ. ನೀವು ಡೆಲೆ ಎ2 ಬರೆಯಿರಿ, ಅದು ಕೈಗೆ ಬಂದ ಮೇಲೆ ಟಿಕೆಟಿನ ಮಾತು ಅಪ್ಪನ ಹತ್ತಿರ ಎತ್ತಿ.