ಫಿಕ್ಸ್ಡ್ ಗೇರ್ ಸೈಕಲ್ ತುಮಕೂರು ರಸ್ತೆಗೆ ಆಗುತ್ತಾ?

ಕ್ಯಾತ್ಸಂದ್ರದ ಸವಾರ:
ಬೆಂಗಳೂರಿನಲ್ಲಿದ್ದ ಮಾವನ ಮಗ ವಿದೇಶಕ್ಕೆ ಹೊರಟಾಗ ತನ್ನ ಫಿಕ್ಸ್ಡ್ ಗೇರ್ ಸೈಕಲ್ ನನ್ನ ತಲೆಗೆ ಕಟ್ಟಿ ಹೋದ. ಇದರಲ್ಲಿ ತುಳಿಯದೆ ಸುಮ್ಮನೆ ಉರುಳಿಸಿಕೊಂಡು ಹೋಗಲು ಆಗದು. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 16. ಬ್ರೇಕ್ ಒಂದೂ ಇಲ್ಲ. ಕೇಳಿದ್ದಕ್ಕೆ "ಕಾಲೇ ಬ್ರೇಕು, ಭಾವ" ಅಂದ.

ಮನೆ ಕ್ಯಾತ್ಸಂದ್ರ, ಕೆಲಸ ಅಂತರಸನಹಳ್ಳಿಯಲ್ಲಿ. ಎರಡು ವಾರದಿಂದ ಇದರಲ್ಲೇ ಓಡಾಟ. ಮೂರನೇ ದಿನ ಬಿ.ಹೆಚ್. ರಸ್ತೆಯಲ್ಲಿ ಹಂಪ್ ಬಂತು. ಇಪ್ಪತ್ತು ವರ್ಷದ ಅಭ್ಯಾಸ, ಪೆಡಲ್ ನಿಲ್ಲಿಸಿ ಸೀಟಿಂದ ಎದ್ದೆ. ಚಕ್ರ ತಿರುಗುವವರೆಗೆ ಪೆಡಲೂ ತಿರುಗಲೇಬೇಕಲ್ವಾ? ಎತ್ತಿ ಒಗೆಯಿತು. ಬಿದ್ದಿದ್ದು ಎಳನೀರು ಗಾಡಿ ಪಕ್ಕದ ಬುರುಡೆ ರಾಶಿ ಮೇಲೆ. ಎಳನೀರಿನವರು ನಗಲಿಲ್ಲ, ಅದೇ ಜಾಸ್ತಿ ಬೇಜಾರು.

ಆದರೂ ಮಾರಲು ಮನಸ್ಸಿಲ್ಲ. ಬೆಳಿಗ್ಗೆ ಆರಕ್ಕೆ ರಸ್ತೆ ಖಾಲಿ ಇರುವಾಗ ಚೈನಿನ ಸದ್ದು ಬಿಟ್ಟರೆ ಏನೂ ಕೇಳಿಸದು. ಟೈರ್ ಕೆಳಗೆ ಮರಳು ಬಂದರೆ ಪಾದಕ್ಕೇ ಗೊತ್ತಾಗುತ್ತದೆ. ಓಡಿಸಿದವರು ಹೇಳಿ, ಇಟ್ಟುಕೊಳ್ಳಲಾ?

ದುರ್ಗದ ಏರು:
ಇಟ್ಟುಕೊಳ್ಳಿ ಸರ್, ಆದರೆ ಇವತ್ತೇ ಮುಂದಿನ ಬ್ರೇಕ್ ಹಾಕಿಸಿ. ಬ್ರೇಕಿಲ್ಲದ ಸೈಕಲ್ ವೆಲೊಡ್ರೋಮ್‌ಗೆ, ಅಂದರೆ ಸೈಕಲ್ ರೇಸಿನ ಟ್ರ್ಯಾಕ್‌ಗೆ ಸರಿ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಎದುರಿಗೆ ಆಟೋ ಬರುವುದಿಲ್ಲ. ಪೆಡಲನ್ನು ಕಾಲಲ್ಲಿ ತಡೆದರೆ ನಿಲ್ಲುವುದು ಹಿಂದಿನ ಚಕ್ರ ಮಾತ್ರ. ಆಗ ಮೈಭಾರವೆಲ್ಲ ಮುಂದಕ್ಕೆ ಬಿದ್ದು ಹಿಂದಿನ ಟೈರ್‌ಗೆ ಹಿಡಿತವೇ ಸಾಲದು, ಸುಮ್ನೆ ಜಾರುತ್ತದೆ.

ದೇವರಾಯನದುರ್ಗ ಹತ್ತಬಹುದು, ಇಳಿಯುವುದೇ ಕಷ್ಟ. ನಿಮ್ಮ 44-16ರಲ್ಲಿ ಗಂಟೆಗೆ 40 ಕಿ.ಮೀ. ವೇಗ ಬಂದರೆ ಕಾಲುಗಳು ನಿಮಿಷಕ್ಕೆ ಸುಮಾರು 115 ಸುತ್ತು ಸುತ್ತಬೇಕು. ನಾನು ಒಮ್ಮೆ ಇಳಿದಿದ್ದೇನೆ. ಆಮೇಲೆ ನಾಮದ ಚಿಲುಮೆ ಹತ್ತಿರ ಕೂತು ನನ್ನ ತೊಡೆ ನಡುಗುವುದನ್ನೇ ನೋಡುತ್ತಿದ್ದೆ. ತಿರುವಿನಲ್ಲಿ ಜಾಸ್ತಿ ವಾಲಬೇಡಿ, ಒಳಗಡೆ ಪೆಡಲ್ ನೆಲಕ್ಕೆ ತಾಗುತ್ತದೆ.

ಚೈನ್ ಎಣ್ಣೆ:
ಸೈಕಲ್ ಅಂಗಡಿಯವನ ಮಾತು. ಹಿಂದಿನ ಹಲ್ಲುಚಕ್ರದ ಮೇಲೆ ಅದನ್ನು ಹಿಡಿದಿಡುವ ಬಳೆ, ಲಾಕ್‌ರಿಂಗ್ ಇದೆಯಾ ನೋಡಿ. ಅದರ ಥ್ರೆಡ್ ಉಲ್ಟಾ ಇರುತ್ತದೆ, ಕಾಲಲ್ಲಿ ತಡೆದಾಗ ಹಲ್ಲುಚಕ್ರ ಸಡಿಲವಾಗದಿರಲಿ ಅಂತ. ಗೊತ್ತಿಲ್ಲದವರ ಕೈಗೆ ಕೊಟ್ಟರೆ ಬಿಚ್ಚುತ್ತೇನೆ ಅಂತ ಬಿಗಿ ಮಾಡಿಬಿಡುತ್ತಾರೆ. ಆಮೇಲೆ, ಯಾವಾಗಲೂ ಒಂದೇ ಕಾಲು ಮುಂದಿಟ್ಟು ಹಿಂದಿನ ಚಕ್ರ ಜಾರಿಸಿ ನಿಲ್ಲಿಸಿದರೆ 44-16ರಲ್ಲಿ ಟೈರ್ ನಾಲ್ಕೇ ಜಾಗದಲ್ಲಿ ಸವೆಯುತ್ತದೆ. 16 ತೆಗೆದು 17 ಹಾಕಿದರೆ ಸವೆತ 17 ಜಾಗಕ್ಕೆ ಹಂಚಿಹೋಗುತ್ತದೆ.

ಇನ್ನೊಂದು. ಪೆಡಲ್ ತಿರುಗಿಸುತ್ತಾ ಚೈನಿಗೆ ಬಟ್ಟೆ ಹಿಡಿದು ಒರೆಸಬೇಡಿ. ಬಟ್ಟೆ ಸಿಕ್ಕಿಕೊಂಡರೂ ಚಕ್ರ ನಿಲ್ಲದು, ಬೆರಳನ್ನೂ ಎಳೆದುಕೊಳ್ಳುತ್ತದೆ. ನನ್ನ ಎಡಗೈ ತೋರುಬೆರಳ ತುದಿ ಹೋಗಿದ್ದು ಹಾಗೆ.

ಪಿ.ಟಿ. ಮಿಸ್:
ಚಕ್ರದ ಇನ್ನೊಂದು ಬದಿಗೆ ಫ್ರೀವೀಲ್ (ತುಳಿಯುವುದು ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಹಲ್ಲುಚಕ್ರ) ಹಾಕುವ ಹಬ್ ಇದ್ದರೆ ತಿರುಗಿಸಿ ಹಾಕಿ, ಕತೆ ಮುಗಿಯಿತು. ಆದರೆ ಆಗ ಎರಡೂ ಬ್ರೇಕ್ ಬೇಕು. ಪಂಚರ್ ಆದರೆ ಚಕ್ರ ಬಿಚ್ಚಲು 15 ನಂಬರ್ ಸ್ಪ್ಯಾನರ್ ಬ್ಯಾಗಲ್ಲಿರಲಿ.

ಕ್ಯಾತ್ಸಂದ್ರದ ಸವಾರ:
ನಿನ್ನೆ ಮುಂದಿನ ಬ್ರೇಕ್ ಹಾಕಿಸಿದೆ. ಮಿಸ್ ಹೇಳಿದಂತೆ ಇನ್ನೊಂದು ಬದಿಗೂ ಥ್ರೆಡ್ ಇದೆ, ತಿರುಗಿಸಲು ಮಾತ್ರ ಮನಸ್ಸಾಗಲಿಲ್ಲ. ಇವತ್ತು ಅದೇ ಹಂಪ್ ಮೇಲೆ ತುಳಿಯುತ್ತಲೇ ದಾಟಿದೆ. ಎಳನೀರಿನವರು ಈಗ ನಕ್ಕರು.