ಗಾಣದೆಣ್ಣೆ ಅಂಗಡಿ: ನೋಟ್‌ಬುಕ್ಕಲ್ಲಿ 1,140 ಇಮೇಲ್ ಇದೆ, ಕೊಂಡಿದ್ದು ಹನ್ನೊಂದೇ ಜನ

ಗಾಣದಮನೆ_ದುರ್ಗ:

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಹತ್ರ ಹೈವೇ ಪಕ್ಕ ನಮ್ಮದೊಂದು ಮರದ ಗಾಣದ ಎಣ್ಣೆ ಅಂಗಡಿ ಇದೆ. ಶೇಂಗಾ, ಕುಸುಬೆ, ಕೊಬ್ಬರಿ ಮೂರೂ ತೆಗೀತೀವಿ, ಓಡೋದು ಮಾತ್ರ ಶೇಂಗಾನೇ. ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಇಪ್ಪತ್ತು ವರ್ಷ ದುಡಿದೋರು. ಬೀಜ ಅಂಗೈಲಿ ಉಜ್ಜಿ ನೋಡಿದ್ರೆ ಸಾಕು, ಎಷ್ಟು ಎಣ್ಣೆ ಬಿಡುತ್ತೆ ಅಂತ ಹೇಳಿಬಿಡ್ತಾರೆ. ಎಣ್ಣೆ ಅವರದ್ದು, ಮಾರೋ ತಲೆನೋವು ನಂದು.

ಶನಿವಾರ, ಭಾನುವಾರ ಬೆಂಗಳೂರು-ಹುಬ್ಬಳ್ಳಿ ಓಡಾಡೋ ಕಾರುಗಳು ನಿಲ್ತವೆ. ಎರಡು ವರ್ಷದಿಂದ ಕೌಂಟರ್ ಮೇಲೆ ಒಂದು ಉದ್ದ ನೋಟ್‌ಬುಕ್ ಇಟ್ಟಿದೀನಿ. ಹೆಸರು, ಊರು, ಇಮೇಲ್ ಬರ್ಕೊಂಡು ಬರ್ಕೊಂಡು 1,140 ಆಗಿದೆ. ಹೋದ ತಿಂಗಳು ಅಷ್ಟೂ ಜನಕ್ಕೆ ಒಂದು ಮೇಲ್ ಹಾಕಿದೆ: “ಶುದ್ಧ ಗಾಣದ ಎಣ್ಣೆ! 10% ರಿಯಾಯಿತಿ! ಇಂದೇ ಖರೀದಿಸಿ!” ಬಂದಿದ್ದು 11 ಆರ್ಡರ್. ಅದ್ರಲ್ಲಿ ಮೂರು ನಮ್ಮ ಚಿಕ್ಕಪ್ಪನ ಮಕ್ಕಳದ್ದು.

ಇನ್ನೊಂದು ತಪ್ಪೂ ಒಪ್ಕೊಂಡುಬಿಡ್ತೀನಿ. ಅದಕ್ಕೂ ಮುಂಚೆ ‘ಡಿಜಿಟಲ್ ಮಾರ್ಕೆಟಿಂಗ್’ ಅಂತ ಬಂದ ಒಬ್ಬ ಹುಡುಗನ ಹತ್ರ 3,500 ರೂಪಾಯಿ ಕೊಟ್ಟು 5,000 ಇಮೇಲ್ ಇರೋ ಎಕ್ಸೆಲ್ ಶೀಟ್ ತಗೊಂಡಿದ್ದೆ. ನನ್ನ ಮಾಮೂಲಿ ಜಿಮೇಲ್‌ನಿಂದಲೇ ಬಿಸಿಸಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಂಗೆ) ಹಾಕಿ ಕಳಿಸೋಕೆ ಹೋದೆ. ಅರ್ಧದಲ್ಲೇ ಜಿಮೇಲು ‘ಇವತ್ತಿಗೆ ಸಾಕು’ ಅಂತ ಬಾಗಿಲು ಹಾಕ್ಕೊಂಡ್ತು. ವಿಳಾಸವೇ ಇಲ್ಲ ಅಂತ ವಾಪಸ್ ಬಂದಿದ್ದಕ್ಕಂತೂ ಲೆಕ್ಕ ಇಲ್ಲ.

ಈಗೇನು ಮಾಡ್ಲಿ? ಮೇಲ್ ಸಹವಾಸಾನೇ ಬಿಟ್ಟುಬಿಡ್ಲಾ, ಇಲ್ಲ ರಿಯಾಯಿತಿ 20% ಮಾಡ್ಲಾ? ಅಪ್ಪ ಅಂತೂ “ಒಂದು ಲೀಟರ್‌ಗೆ ಎರಡೂವರೆ ಕೆಜಿ ಬೀಜ ಬೀಳುತ್ತೆ, ಯಾರಪ್ಪನ ಮನೆ ಗಂಟು ಅಂತ ರಿಯಾಯಿತಿ ಹಂಚ್ತೀಯೋ” ಅಂತಾರೆ. ಅವರ ಗಂಟೇ ಅದು, ಏನು ಹೇಳಲಿ.

ಮಂಡಕ್ಕಿಮಿರ್ಚಿ:

ಗುರುವೇ, ಈಗ ಇಮೇಲ್ ಯಾರು ನೋಡ್ತಾರೆ? ವಾಟ್ಸಾಪ್ ಬ್ರಾಡ್‌ಕಾಸ್ಟ್ ಮಾಡು, ಮುಗೀತು. ನಮ್ಮ ಬಟ್ಟೆ ಅಂಗಡಿಯಿಂದ ದಿನಾ ಮೂರು ಫೋಟೋ ಬಿಡ್ತೀನಿ.

ಸರ್ವರ್‌ರೂಮ್:

ಮಿರ್ಚಿ ಅಣ್ಣಾ, ಬ್ರಾಡ್‌ಕಾಸ್ಟ್‌ನಲ್ಲಿ ಒಂದು ಪಟ್ಟಿಗೆ 256 ಜನ ಅಷ್ಟೇ. ಅದೂ ನಿಮ್ಮ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ಮುಟ್ಟೋದು. ಹೈವೇಲಿ ಒಂದ್ಸಲ ಕಾರು ನಿಲ್ಲಿಸಿದೋರು ಗಾಣದಂಗಡಿ ನಂಬರ್ ಸೇವ್ ಮಾಡ್ಕೊಂಡಿರ್ತಾರಾ?

ಗಾಣದಮನೆಯವರೇ, ಆ ಕೊಂಡ ಶೀಟ್ ಮೊದಲು ಡಿಲೀಟ್ ಮಾಡಿ. ಕೇಳದೇ ಇರೋರಿಗೆ ಕಳಿಸಿದ್ರೆ ಅವರು ‘ಸ್ಪ್ಯಾಮ್’ ಒತ್ತುತಾರೆ, ಆ ಪಾಪ ನಿಮ್ಮ ನೋಟ್‌ಬುಕ್ಕಿನ ಒಳ್ಳೇ ಗಿರಾಕಿಗಳ ಮೇಲ್‌ಗೂ ಅಂಟುತ್ತೆ. ಸ್ಪ್ಯಾಮ್ ದೂರು 0.3% ಮುಟ್ಟಬಾರದು ಅಂತ ಜಿಮೇಲ್ ಹೇಳುತ್ತೆ. ನಿಮ್ಮ 1,140ರ ಲೆಕ್ಕದಲ್ಲಿ ನಾಲ್ಕು ಜನ ಒತ್ತಿದ್ರೆ ಗಡಿ ದಾಟಿದಂಗೆ.

ಮಾಮೂಲಿ ಜಿಮೇಲ್‌ಗೆ ದಿನಕ್ಕೆ 500 ಜನ ಅನ್ನೋ ಮಿತಿ ಇದೆ, ಬಾಗಿಲು ಹಾಕಿದ್ದು ಅದಕ್ಕೇ. ಸ್ವಂತ ಡೊಮೈನ್ (ಅಂಗಡಿ ಹೆಸರಿನದೇ ಇಂಟರ್ನೆಟ್ ವಿಳಾಸ) ತಗೊಂಡು, ಮೇಲ್ ಕಳಿಸೋ ಸರ್ವಿಸ್ ಒಂದಕ್ಕೆ ಜೋಡಿಸಿ, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಹಾಕಿಸಿ. ‘ಈ ಮೇಲ್ ನಿಜವಾಗ್ಲೂ ಇದೇ ಅಂಗಡಿಯಿಂದ ಬಂದಿದ್ದು’ ಅಂತ ಹೇಳೋ ಮೊಹರು ಅವು. ದಿನಕ್ಕೆ 5,000 ಮೇಲೆ ಕಳಿಸೋರಿಗೆ 2024ರ ಫೆಬ್ರವರಿಯಿಂದ ಜಿಮೇಲ್ ಇದನ್ನ ಕಡ್ಡಾಯ ಮಾಡಿದೆ. ನೀವು ಅಷ್ಟು ದೊಡ್ಡೋರಲ್ಲ, ಆದ್ರೂ ಹಾಕಿಸಿ. ಬೇಡ ಅನ್ನೋರು ಒಂದೇ ಒತ್ತಿಗೆ ಹೊರಗೆ ಹೋಗೋ ಹಂಗಿರ್ಲಿ. ಹೋಗೋಕೆ ದಾರಿ ಸಿಗದೋರೇ ಸ್ಪ್ಯಾಮ್ ಒತ್ತೋದು.

ಎಷ್ಟು ಜನ ಓಪನ್ ಮಾಡಿದ್ರು ಅನ್ನೋ ಅಂಕಿಯನ್ನ ನಂಬಬೇಡಿ. ಮೇಲ್ ಒಳಗಿನ ಚಿತ್ರ ಇಳಿದ್ರೆ ‘ಓದಿದ್ರು’ ಅಂತ ಲೆಕ್ಕ ಹಿಡಿಯೋದು. 2021ರಿಂದ ಐಫೋನ್‌ನ ಮೇಲ್ ಆ್ಯಪ್ ಚಿತ್ರಗಳನ್ನ ತಾನೇ ಮೊದಲೇ ಇಳಿಸ್ಕೊಳ್ಳುತ್ತೆ, ಓದದೇ ಇದ್ರೂ ಓದಿದಂಗೆ ಲೆಕ್ಕ ಸಿಗುತ್ತೆ. ಉತ್ತರ ಎಷ್ಟು, ಆರ್ಡರ್ ಎಷ್ಟು, ಅಷ್ಟೇ ನೋಡಿ.

ಕಟಕ್‌ರೊಟ್ಟಿ_ದಾವಣಗೆರೆ:

ತಮ್ಮಾ, ನಿನ್ನ ನೋಟ್‌ಬುಕ್ಕಲ್ಲಿ ಬೇಕಾದ ಕಾಲಮ್ಮೇ ಇಲ್ವಲ್ಲಪ್ಪಾ. ಯಾವತ್ತು ತಗೊಂಡ್ರು? ಎಷ್ಟು ಲೀಟರ್ ತಗೊಂಡ್ರು?

ನಂದು ವಿದ್ಯಾನಗರದ ಮನೇಲೇ ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ, ಕಟಕ್ ರೊಟ್ಟಿ. ಮೊದಲನೇ ವರ್ಷ ನಾನೂ ನಿನ್ನಂಗೇ, ತಿಂಗಳ ಒಂದನೇ ತಾರೀಖು ಬಂತು ಅಂದ್ರೆ ಎಲ್ಲರಿಗೂ ಒಂದೇ ಮೇಲು. ಸಂಬಳದ ದಿನ ಅಲ್ವಾ, ಕೊಳ್ತಾರೆ ಅಂತ ನನ್ನ ಲೆಕ್ಕ. ಡಬ್ಬಿ ತುಂಬಿರೋ ಮನೆ ಬಾಗಿಲು ತಟ್ಟಿ ‘ಚಟ್ನಿಪುಡಿ ಬೇಕೇನ್ರೀ’ ಅಂದ್ರೆ ಯಾರು ತಗೊಳ್ತಾರೆ? ಒಂದಿನ ಮೈಸೂರಿಂದ ಒಬ್ಬರು ಉತ್ತರ ಬರೆದ್ರು: “ನಿಮ್ಮ ಪುಡಿ ಹೋದ ವಾರ ಮುಗೀತು, ಇಲ್ಲೇ ಅಂಗಡೀಲಿ ಯಾವುದೋ ತಗೊಂಡೆ, ಚೆನ್ನಾಗಿಲ್ಲ. ಒಂದು ವಾರ ಮುಂಚೆ ನೆನಪು ಮಾಡಿದ್ರೆ ನಿಮ್ಮದೇ ತರಿಸ್ತಿದ್ದೆ.” ಆ ಮೇಲ್ ಓದಿ ಎಷ್ಟು ಜನ ಹಿಂಗೆ ಕೈತಪ್ಪಿ ಹೋದ್ರೋ ಅಂತ ಹೊಟ್ಟೆ ಉರೀತು.

ಆಮೇಲೆ ಹಳೇ ಆರ್ಡರ್ ಎಲ್ಲ ಹರವಿಕೊಂಡು ಕೂತೆ. ನಾಲ್ಕು ಜನ ಇರೋ ಮನೇಲಿ ಅರ್ಧ ಕೆಜಿ ಪುಡಿ ಐದು ವಾರ ಬರುತ್ತೆ. ಹಂಗಾಗಿ ಇಪ್ಪತ್ತೆಂಟನೇ ದಿನಕ್ಕೆ ನನ್ನ ಮೇಲ್ ಹೋಗುತ್ತೆ. ಮೊದಮೊದಲು ಪ್ರತಿ ಸೋಮವಾರ ಕಾಫಿ ಲೋಟ ಇಟ್ಕೊಂಡು ಎಕ್ಸೆಲ್ ನೋಡಿ ಕೈಯಲ್ಲೇ ಕಳಿಸ್ತಿದ್ದೆ, ಈಗ ಸರ್ವಿಸ್‌ನೋರದ್ದೇ ಆಟೊಮೇಷನ್ ಕಳಿಸುತ್ತೆ. ನನ್ನ ಪಟ್ಟೀಲಿ ಇರೋದೇ 430 ಜನ. ತಿಂಗಳಿಗೆ 60-70 ಆರ್ಡರ್ ಮೇಲ್‌ನಿಂದಲೇ ಬರುತ್ತೆ, ರಿಯಾಯಿತಿ ಒಂದು ಪೈಸೆ ಇಲ್ಲ. ಆ ವಿಷಯದಲ್ಲಿ ನಿಮ್ಮಪ್ಪ ಹೇಳಿದ್ದೇ ಸರಿ.

ನಿನಗೆ ಇನ್ನೂ ಸುಲಭ, ಎಣ್ಣೆ ದಿನಾ ಖರ್ಚಾಗುತ್ತೆ. ನಮ್ಮ ಮನೇಲಿ 5 ಲೀಟರ್ ಎರಡು ತಿಂಗಳು. ಐವತ್ತನೇ ದಿನಕ್ಕೆ ಹಿಂಗೆ ಬರಿ:

“ಆಗಸ್ಟ್ 3ಕ್ಕೆ 5 ಲೀಟರ್ ಶೇಂಗಾ ಎಣ್ಣೆ ತಗೊಂಡು ಹೋಗಿದ್ರಿ. ಈಗ ಕ್ಯಾನಿನ ತಳ ಕಾಣ್ತಿರಬಹುದು. ಈ ಗುರುವಾರ ಗಾಣ ಆಡಿಸ್ತೀವಿ, ಶನಿವಾರ ಪಾರ್ಸೆಲ್ ಹೋಗುತ್ತೆ. ಬೇಕಿದ್ರೆ ಇದಕ್ಕೇ 5 ಅಂತ ಬರೆದು ಕಳ್ಸಿ, ಸಾಕು.”

ಅಷ್ಟೇ. ಫೋಟೋ ಬೇಡ, ಬಣ್ಣ ಬೇಡ, ಆಶ್ಚರ್ಯದ ಚಿಹ್ನೆ ಮೊದಲೇ ಬೇಡ.

ಹೊಸಬರಿಗೆ ಮೊದಲನೇ ಮೇಲು ಮಾರೋದಕ್ಕಲ್ಲ. ಗಾಣದೆಣ್ಣೆ ತಳದಲ್ಲಿ ಗಸಿ ನಿಲ್ಲುತ್ತಲ್ಲ, ರಿಫೈನ್ಡ್ ನೋಡಿ ಅಭ್ಯಾಸ ಇರೋರು ಅದನ್ನ ಕಲಬೆರಕೆ ಅಂದ್ಕೊಳ್ತಾರೆ. ನಿನಗೆ ಬಂದು ಕೇಳಲ್ಲ, ಸುಮ್ನೆ ಮತ್ತೆ ತಗೊಳ್ಳಲ್ಲ. ಮನೆ ಮುಟ್ಟಿದ ಎರಡನೇ ದಿನಕ್ಕೆ ‘ತಳದಲ್ಲಿರೋದು ಬೀಜದ ಗಸಿ, ಅಲ್ಲಾಡಿಸದೇ ಬಗ್ಗಿಸ್ಕೊಳ್ಳಿ’ ಅಂತ ಬರಿ. ಎಲ್ಲರಿಗೂ ಒಟ್ಟಿಗೆ ಹಾಕೋ ಮೇಲು ವರ್ಷಕ್ಕೆ ಒಂದೋ ಎರಡೋ ಸಾಕು. ಅಕ್ಟೋಬರ್-ನವೆಂಬರ್‌ನಲ್ಲಿ ಹೊಸ ಶೇಂಗಾ ಬಂದಾಗ ಒಂದು ಹಾಕು.

ಇನ್ನು ಆ ನೋಟ್‌ಬುಕ್ ಎತ್ತಿಡು. ಎಣ್ಣೆ ಕೈಲಿ ಮುಟ್ಟಿದ ಹಾಳೆ ಮೇಲೆ ಪೆನ್ನು ಓಡಲ್ಲ, ಇಂಗ್ಲಿಷಿನ ಎಲ್ ಯಾವುದು, ಒಂದು ಯಾವುದು ಅಂತ ಆಮೇಲೆ ಬ್ರಹ್ಮನಿಗೂ ಗೊತ್ತಾಗಲ್ಲ. ಕ್ಯೂಆರ್ ಅಂಟಿಸು, ಅವರ ಫೋನಲ್ಲಿ ಅವರೇ ಟೈಪ್ ಮಾಡ್ಲಿ, ‘ಹೌದು, ಕಳ್ಸಿ’ ಅಂತ ಮೇಲ್‌ನಲ್ಲೇ ಒಪ್ಪಿಗೆ ಒತ್ತಲಿ. ಪಕ್ಕದಲ್ಲಿ ‘ಆಫರ್‌ಗಾಗಿ’ ಅಂತ ಬರೀಬೇಡ, ‘ಗಾಣ ಆಡಿಸೋ ದಿನ ತಿಳಿಸ್ತೀವಿ’ ಅಂತ ಬರಿ.

ಗಾಣದಮನೆ_ದುರ್ಗ (ಮೂರು ವಾರದ ಮೇಲೆ):

ಅಕ್ಕಾ, ಬಿಲ್ ಬುಕ್ಕಿನ ಕಾರ್ಬನ್ ಕಾಪಿ ಅಪ್ಪ ಎಸೆದಿರಲಿಲ್ಲ, ಪುಣ್ಯಕ್ಕೆ. ಅಪ್ಪ ತಾರೀಖು ಓದೋದು, ನಾನು ಟೈಪ್ ಮಾಡೋದು, ನಾಲ್ಕು ರಾತ್ರಿ ಹಿಡೀತು. 1,140ರಲ್ಲಿ 190 ವಿಳಾಸ ಸುಳ್ಳೇ ಸುಳ್ಳು. 5 ಲೀಟರ್ ತಗೊಂಡು ಏಳೆಂಟು ವಾರ ಆದೋರು 64 ಜನ ಸಿಕ್ಕಿದ್ರು, ಅವರಿಗಷ್ಟೇ ಕಳಿಸಿದೆ.

19 ಉತ್ತರ! 14 ಜನ ಬರೀ ‘5’ ಅಂತ ಕಳಿಸಿದಾರೆ. ಇಬ್ಬರು ‘2’. ಒಬ್ಬರು ಹಸುಗೆ ಹಿಂಡಿ ಸಿಗುತ್ತಾ ಅಂದ್ರು. ಒಬ್ಬರು ಅತ್ತೆ ಊರಿಂದ ಎಣ್ಣೆ ಕಳಿಸಿದಾರೆ, ಮುಂದಿನ ತಿಂಗಳು ನೆನಪಿಸಿ ಅಂದಿದಾರೆ. ತುಮಕೂರಿನೋರೊಬ್ಬರು ಹೋದ ಸಲ ಮುಚ್ಚಳ ಸೋರಿ ಕಾರಿನ ಡಿಕ್ಕಿ ಎಲ್ಲ ಎಣ್ಣೆ ಆಯ್ತು ಅಂತ ಚೆನ್ನಾಗಿ ಬೈದ್ರು. ಅವರಿಗೆ ಒಂದು ಲೀಟರ್ ಹಂಗೇ ಕಳಿಸಿದೀನಿ, ಮುಚ್ಚಳದ ಒಳಗೆ ವಾಷರ್ ಹಾಕ್ಸಿದೀನಿ. ಉತ್ತರಾನೇ ಕೊಡದ 45 ಜನಕ್ಕೆ ಏನು ಮಾಡೋದು?

ಕಟಕ್‌ರೊಟ್ಟಿ_ದಾವಣಗೆರೆ:

ಹತ್ತು ದಿನ ಬಿಟ್ಟು ಇನ್ನೊಂದ್ಸಲ ಕೇಳು. ಆರು ತಿಂಗಳಾದ್ರೂ ಮಾತಾಡದೇ ಇದ್ರೆ ‘ಪಟ್ಟೀಲಿ ಇಟ್ಕೊಳ್ಳಲಾ, ತೆಗೀಲಾ’ ಅಂತ ಒಂದೇ ಸಾಲು ಬರೆದು, ಸುಮ್ನಿದ್ದೋರನ್ನ ತೆಗೆದುಬಿಡು. ಬೈದೋರನ್ನ ಮಾತ್ರ ಬಿಡಬೇಡ, ಅವರು ಕೊಳ್ಳೋ ಜನ.

ಮಂಡಕ್ಕಿಮಿರ್ಚಿ:

ಅಕ್ಕಾ, ಎಣ್ಣೆ ಖಾಲಿ ಆಗುತ್ತೆ, ಸರಿ. ಬಟ್ಟೆ ಖಾಲಿ ಆಗೋ ದಿನ ನಂಗೆ ಹೆಂಗೆ ಗೊತ್ತಾಗ್ಬೇಕು?

ಕಟಕ್‌ರೊಟ್ಟಿ_ದಾವಣಗೆರೆ:

ಸ್ಕೂಲ್ ಯೂನಿಫಾರ್ಮ್ ಮಾರ್ತೀಯಾ? ಮಗುವಿನ ಕ್ಲಾಸು, ಅಳತೆ ಬರ್ಕೊಂಡಿದೀಯಾ?